ಹಳೆಯ ಸೇನಾ ಜಾಕೆಟ್ ಯಾರದ್ದು? ಕಾಲರ್ ಒಳಗಿನ ಒಂದು ಅಕ್ಷರ, ನಾಲ್ಕು ಅಂಕಿ

ಪ್ರಶ್ನೆ: ನಾನು ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸೊಂಟದವರೆಗಷ್ಟೇ ಬರುವ, ಹಸಿರು-ಕಂದು ಬಣ್ಣದ ಉಣ್ಣೆಯ ಸೇನಾ ಜಾಕೆಟ್ ಸಿಕ್ಕಿತು. ಎಡಭುಜದ ಪ್ಯಾಚ್‌ನಲ್ಲಿ ಕೆಂಪು-ಬಿಳಿ ಪಟ್ಟೆ, ಮೇಲೆ ನೀಲಿಯಲ್ಲಿ ಒಂದು ಸೂರ್ಯ, ಒಂದು ನಕ್ಷತ್ರ. ತೋಳಿನ ಮೇಲೆ ಎರಡು ಪಟ್ಟಿ, ಕೆಳಗೆ 'ಟಿ' ಅಕ್ಷರ. ಎಡತೋಳಿನ ತುದಿಯಲ್ಲಿ ನಾಲ್ಕು ಚಿನ್ನದ ಬಣ್ಣದ ಗೆರೆ. ಬಲಜೇಬಿನ ಮೇಲೆ ಉಂಗುರದಿಂದ ಹೊರಬರುತ್ತಿರುವ ಹದ್ದಿನ ಚಿತ್ರ. ಕಾಲರ್ ಒಳಗೆ 'ಕೆ', ನಂತರ ನಾಲ್ಕು ಅಂಕಿಗಳ ಮುದ್ರೆ. ಮೂರನೆಯ ಅಂಕಿ 1 ಇರಬಹುದು, 7 ಇರಬಹುದು. ಇದು ಯಾರದ್ದೆಂದು ಪತ್ತೆ ಮಾಡಿ ಅವರ ಮನೆಯವರಿಗೆ ತಲುಪಿಸಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ನಿಮ್ಮ ಜಾಕೆಟ್‌ನಲ್ಲಿ ಹುಡುಕಾಟಕ್ಕೆ ಬೇಕಾದ್ದು ಸಾಮಾನ್ಯಕ್ಕಿಂತ ಹೆಚ್ಚೇ ಇದೆ. ಮೊದಲು ಒಂದು ಮಾತು: ಇಸ್ತ್ರಿ ಮಾಡಿಸಬೇಡಿ, ಡ್ರೈ ಕ್ಲೀನಿಂಗ್‌ಗೆ ಕೊಡಬೇಡಿ, ಪ್ಯಾಚ್ ಬಿಚ್ಚಬೇಡಿ. ಅಳಿಸಿಹೋಗುತ್ತಿರುವ ಆ ಮುದ್ರೆಯೇ ಇಡೀ ಹುಡುಕಾಟದ ಬೀಗದ ಕೈ.

ಇದು ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಸೇನೆ ಕೊಟ್ಟ ಉಣ್ಣೆಯ ಫೀಲ್ಡ್ ಜಾಕೆಟ್. ಜನರಲ್ ಐಸೆನ್‌ಹೋವರ್ ಹೆಸರಿನಿಂದ 'ಐಕ್ ಜಾಕೆಟ್' ಎಂದೇ ಎಲ್ಲರೂ ಕರೆಯುತ್ತಾರೆ. ಒಳಜೇಬಿನಲ್ಲಿ ಬಿಳಿ ಬಟ್ಟೆಯ ಲೇಬಲ್ ಉಳಿದಿದ್ದರೆ ಅದರಲ್ಲಿ ಅಳತೆ, ಹೊಲಿದ ಕಂಪನಿ, ಗುತ್ತಿಗೆಯ ಸಂಖ್ಯೆ ಮತ್ತು ದಿನಾಂಕ ಇರುತ್ತವೆ. ಗುತ್ತಿಗೆ ಸಂಖ್ಯೆಯನ್ನೇ ಸೈನಿಕನ ನಂಬರ್ ಎಂದುಕೊಂಡು ತಿಂಗಳುಗಟ್ಟಲೆ ಹುಡುಕುವವರಿದ್ದಾರೆ. ಆ ಸಂಖ್ಯೆ ಸಾವಿರಾರು ಜಾಕೆಟ್‌ಗಳಿಗೆ ಒಂದೇ. ದಿನಾಂಕದಿಂದ ಮಾತ್ರ ಉಪಯೋಗವಿದೆ: ಅದಕ್ಕಿಂತ ಮುಂಚೆ ಸೇನೆ ಬಿಟ್ಟವನು ಇದರ ಒಡೆಯನಾಗಿರಲಾರ. ಅಳತೆಯನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಡ್ರೈ ಕ್ಲೀನರ್ ಚುಚ್ಚಿದ ಸಣ್ಣ ಕಾಗದದ ಅಥವಾ ಬಟ್ಟೆಯ ಚೀಟಿ ಇದ್ದರೆ ಅದರ ನಂಬರ್‌ಗೂ ಸೇನೆಗೂ ಸಂಬಂಧವಿಲ್ಲ.

ಕಾಲರ್ ಒಳಗಿನದು ಲಾಂಡ್ರಿ ಗುರುತು. ನಮ್ಮಲ್ಲಿ ದೋಬಿ ಬಟ್ಟೆಗೆ ಹಾಕುತ್ತಿದ್ದ ಗುರುತಿನ ಕೆಲಸವೇ ಇದರದ್ದೂ: ನೂರಾರು ಜನರ ಬಟ್ಟೆ ಒಟ್ಟಿಗೆ ಒಗೆದ ಮೇಲೆ ಯಾರದ್ದು ಯಾರಿಗೆ ಎಂದು ಹಂಚಬೇಕಲ್ಲ. ಮನೆತನದ ಹೆಸರಿನ ಮೊದಲ ಅಕ್ಷರ, ಅದರ ಮುಂದೆ ಸೇನಾ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಸಾಮಾನ್ಯ ಸೈನಿಕರ ಕ್ರಮಸಂಖ್ಯೆ ಎಂಟು ಅಂಕಿಯದು, ಹಾಗಾಗಿ ನಿಮ್ಮ ಕೈಯಲ್ಲಿರುವುದು ಅದರ ಅರ್ಧ.

ಮುದ್ರೆಯನ್ನು ಸರಿಯಾಗಿ ಓದಿಕೊಳ್ಳದೆ ಮುಂದೆ ಹೋಗಬೇಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಬಟ್ಟೆಗೆ ತಾಗಿಕೊಂಡ ಹಾಗೆ ಒಂದು ಪಕ್ಕದಿಂದ ಹಿಡಿದು, ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆಯಿರಿ. ಆಮೇಲೆ ಫೋಟೋವನ್ನು ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ ನೋಡಿ. ಮಸಿಯಲ್ಲಿ ಕಾಡಿಗೆಯಂಥ ಇಂಗಾಲದ ಅಂಶವಿದ್ದರೆ ಇನ್‌ಫ್ರಾರೆಡ್‌ನಲ್ಲಿ ಅದು ಕಪ್ಪಗೆ ಎದ್ದು ಕಾಣುತ್ತದೆ, ಬಟ್ಟೆಯ ಬಣ್ಣ ತಿಳಿಯಾಗುತ್ತದೆ. ಮನೆಯ ಸೆಕ್ಯುರಿಟಿ ಕ್ಯಾಮೆರಾಗೆ ರಾತ್ರಿ ಮೋಡ್ ಇದ್ದರೆ ಅದರ ಮುಂದೆ ಕತ್ತಲಲ್ಲಿ ಜಾಕೆಟ್ ಹಿಡಿದು ನೋಡಿ, ಖರ್ಚಿಲ್ಲದ ಪರೀಕ್ಷೆ. 1 ಮತ್ತು 7, 3 ಮತ್ತು 8, 0 ಮತ್ತು 6 ಇವು ಸದಾ ಮೋಸ ಮಾಡುವ ಜೋಡಿಗಳು. ಸ್ಟಾಂಪ್ ತಲೆಕೆಳಗಾಗಿ ಬಿದ್ದಿದ್ದರೆ 6 ಮತ್ತು 9 ಕೂಡ. ಸೊಂಟಪಟ್ಟಿಯ ಒಳಗೆ, ತೋಳಿನ ಲೈನಿಂಗ್‌ನಲ್ಲಿ, ಜೇಬಿನ ಒಳಬದಿಯಲ್ಲಿ ಇದೇ ಗುರುತು ಇನ್ನೊಮ್ಮೆ ಇರಬಹುದು. ಇನ್ನೊಂದು ಅಕ್ಷರದ, ಗೆರೆ ಎಳೆದು ಹೊಡೆದುಹಾಕಿದ ಗುರುತು ಸಿಕ್ಕರೆ ಜಾಕೆಟ್ ಒಬ್ಬನಿಂದ ವಾಪಸ್ ಪಡೆದು ಇನ್ನೊಬ್ಬನಿಗೆ ಕೊಟ್ಟದ್ದು ಎಂದರ್ಥ. ಆಗ ನಿಮಗೆ ಇಬ್ಬರು ಒಡೆಯರು, ತೋಳಿನ ಪಟ್ಟಿಗಳು ಕೊನೆಯವನದ್ದು.

ಈಗ ಹೊರಗಿನ ಗುರುತುಗಳು. ಎಲ್ಲರ ಕಣ್ಣೂ ಮೊದಲು ಭುಜದ ಪ್ಯಾಚ್‌ಗೆ ಹೋಗುತ್ತದೆ. ನಿಮ್ಮದು ಚೀನಾ-ಬರ್ಮಾ-ಇಂಡಿಯಾ ಯುದ್ಧರಂಗದ್ದು. ಸೂರ್ಯ ಆಗಿನ ಚೀನಾದ ಕೊಮಿಂಟಾಂಗ್ ಸರ್ಕಾರದ ಚಿಹ್ನೆ, ನಕ್ಷತ್ರ ಬ್ರಿಟಿಷ್ ಇಂಡಿಯಾದ್ದು. ಅಸ್ಸಾಮಿನ ಲೆಡೊದಿಂದ ಬರ್ಮಾಕ್ಕೆ ರಸ್ತೆ ಕಡಿದವರು, ಹಿಮಾಲಯದ ಮೇಲಿಂದ ಚೀನಾಕ್ಕೆ ವಿಮಾನದಲ್ಲಿ ಸಾಮಾನು ಹೊತ್ತವರು, ಕಲ್ಕತ್ತೆಯ ಗೋದಾಮಿನ ಗುಮಾಸ್ತರು, ಎಲ್ಲರ ತೋಳಿನಲ್ಲೂ ಇದೇ ಇರುತ್ತಿತ್ತು. ಬೆಂಗಳೂರಿನಲ್ಲಿದ್ದ ಅಮೆರಿಕನ್ ಸೈನಿಕರೂ ಇದರಲ್ಲಿ ಸೇರಿದರು. 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆ ವಹಿಸಿಕೊಂಡಿತು. ಅದು 84ನೇ ಏರ್ ಡಿಪೋ ಆಗಿ, ಯುದ್ಧ ಮುಗಿಯುವವರೆಗೂ ಅವರ ವಿಮಾನಗಳ ರಿಪೇರಿ ಅಲ್ಲಿ ನಡೆಯಿತು. ನಿಮ್ಮ ಜಾಕೆಟ್‌ನವನು ಬೆಂಗಳೂರಿನಲ್ಲಿದ್ದನೇ ಎಂಬ ಕುತೂಹಲ ಸಹಜ. ಆದರೆ ಪ್ಯಾಚ್ ಇಡೀ ಯುದ್ಧರಂಗದ್ದು, ಅಷ್ಟು ಸೂಕ್ಷ್ಮವಾಗಿ ಅದು ಹೇಳಲಾರದು. ಜಾಕೆಟ್ ಭಾರತವನ್ನು ಕಂಡೇ ಇಲ್ಲದಿರಬಹುದು ಎಂಬುದನ್ನೂ ನೆನಪಿಡಿ. ಅಲ್ಲಿನ ಸೆಕೆಗೆ ಖಾಕಿ ಹತ್ತಿಯ ಬಟ್ಟೆಯೇ ಸರಿ. ಊರಿಗೆ ಮರಳಿದ ಮೇಲೆ, ಬಿಡುಗಡೆಯ ಕೇಂದ್ರದಲ್ಲಿ ಉಣ್ಣೆಯ ಜಾಕೆಟ್ ಪಡೆದು ಪ್ಯಾಚ್ ಹೊಲಿಸಿಕೊಂಡವರು ಬಹಳ.

ಪ್ಯಾಚ್ ನಂಬುವ ಮುನ್ನ ಅದು ಮೂಲದ್ದೇ ಎಂದು ನೋಡಬೇಕು. ಬೆಲೆ ಏರಿಸಲು ವ್ಯಾಪಾರಿಗಳು ಪ್ಯಾಚ್ ಬದಲಿಸುವುದುಂಟು. ಪ್ಯಾರಾಟ್ರೂಪರ್ ಪ್ಯಾಚ್‌ಗಳಲ್ಲಿ ಈ ಹಾವಳಿ ಜಾಸ್ತಿ. ಅಂಚನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿ: ಪ್ಯಾಚ್ ಅಡಿಯ ಉಣ್ಣೆ ಸುತ್ತಲಿನದಕ್ಕಿಂತ ಗಾಢವಾಗಿರಬೇಕು. ಬೇರೆ ಆಕಾರದ ಹಳೆಯ ನೆರಳು ಅಥವಾ ಸಾಲು ಸೂಜಿತೂತು ಕಂಡರೆ ಅನುಮಾನಿಸಿ. ನುಸಿ ತಿಂದ ತೂತು ಪ್ಯಾಚ್ ಮತ್ತು ಬಟ್ಟೆ ಎರಡನ್ನೂ ದಾಟಿದ್ದರೆ ಅವು ಬಹುಕಾಲ ಜೊತೆಗಿದ್ದವು. ನೇರಳಾತೀತ ಟಾರ್ಚ್ ಹಿಡಿದಾಗ ಹೊಲಿಗೆಯ ದಾರ ಮಾತ್ರ ನೀಲಿ-ಬಿಳಿಯಾಗಿ ಹೊಳೆದರೆ ಅದು ಇತ್ತೀಚಿನ ದಾರ. ಜಾಕೆಟ್ ಇಡೀ ಹೊಳೆದರೆ ಯಾರೋ ಈಗಿನ ಡಿಟರ್ಜೆಂಟ್‌ನಲ್ಲಿ ಒಗೆದಿದ್ದಾರೆ, ಆಗ ಈ ಪರೀಕ್ಷೆಯಿಂದ ಏನೂ ತೀರ್ಮಾನಿಸಲಾಗದು.

ಎಡಭುಜದ ಪ್ಯಾಚ್ ಕೊನೆಯಲ್ಲಿದ್ದ ಘಟಕದ್ದು, ಬಲಭುಜದ್ದು ಹಿಂದೆ ಯುದ್ಧದಲ್ಲಿದ್ದ ಘಟಕದ್ದು. 1945ರಲ್ಲಿ ಅಂಕಗಳ ಲೆಕ್ಕದ ಮೇಲೆ ಸೈನಿಕರನ್ನು ಊರಿಗೆ ಕಳಿಸುವಾಗ ಘಟಕದಿಂದ ಘಟಕಕ್ಕೆ ಮನಬಂದಂತೆ ವರ್ಗ ಮಾಡಿದರು. ಹಾಗಾಗಿ ಎಡಗಡೆಯದು ಕೆಲವೊಮ್ಮೆ ಹಡಗಿನಲ್ಲಿ ಮರಳುವಾಗ ಜೊತೆಗಿದ್ದ ಘಟಕದ್ದಷ್ಟೇ ಆಗಿರುತ್ತದೆ.

ನಿಮ್ಮ ಜಾಕೆಟ್‌ನಲ್ಲಿ ಪ್ಯಾಚ್‌ಗಿಂತ ಹೆಚ್ಚು ಮಾತಾಡುವುದು ತೋಳಿನ ತುದಿ. ಒಂದೊಂದು ಚಿನ್ನದ ಗೆರೆ ಎಂದರೆ ಆರು ತಿಂಗಳ ಹೊರದೇಶದ ಸೇವೆ. ನಾಲ್ಕು ಎಂದರೆ ಪೂರ್ತಿ 24 ತಿಂಗಳು ಆಗಿದೆ, 30 ಆಗಿಲ್ಲ. ಬಲಜೇಬಿನ ಮೇಲಿನ ಹದ್ದು ಗೌರವದ ಬಿಡುಗಡೆಯ ಗುರುತು; ಸೈನಿಕರು ಗೇಲಿಯಿಂದ ಅದನ್ನು 'ಬಾತುಕೋಳಿ' ಎನ್ನುತ್ತಿದ್ದರು. ಇದು ಇದೆಯೆಂದರೆ ಆತ ಬದುಕಿ ಮನೆಗೆ ಬಂದಿದ್ದಾನೆ, ಯುದ್ಧದಲ್ಲಿ ಮಡಿದವರ ಪಟ್ಟಿ ಜಾಲಾಡಬೇಕಿಲ್ಲ. ಎರಡು ಪಟ್ಟಿ ಮತ್ತು 'ಟಿ' ಐದನೇ ದರ್ಜೆಯ ಟೆಕ್ನಿಷಿಯನ್ ಹುದ್ದೆಯದು. 1942ರಿಂದ 1948ರವರೆಗೆ ಮಾತ್ರ ಇದ್ದ ಹುದ್ದೆ, ಅಧಿಕಾರಿಯದ್ದಲ್ಲ. ಇನ್ನೊಂದು, ಇಲ್ಲದಿರುವ ಗುರುತು: ಮೂರು ವರ್ಷ ಸೇವೆ ಮುಗಿಸಿದವನಿಗೆ ಅದೇ ಎಡತೋಳಿನಲ್ಲಿ ಓರೆಯಾದ ಸೇವಾಪಟ್ಟಿ ಇರಬೇಕು. ನಿಮ್ಮ ವಿವರಣೆಯಲ್ಲಿ ಅದಿಲ್ಲ.

ಇವಿಷ್ಟನ್ನು ಕೂಡಿಸಿ ನೋಡಿ. ಆ ಯುದ್ಧರಂಗದ ಬಹುತೇಕರು 1945ರ ಶರತ್ಕಾಲದಿಂದ 1946ರ ವಸಂತದ ಒಳಗೆ ಊರು ಸೇರಿದರು. ಎರಡು ವರ್ಷ ಹೊರಗಿದ್ದವನು ತಡವೆಂದರೆ 1944ರ ಆರಂಭಕ್ಕೆ ದೇಶ ಬಿಟ್ಟಿರಬೇಕು. ಅದಕ್ಕೂ ಮುಂಚೆ ಕೆಲವು ತಿಂಗಳ ತರಬೇತಿ. ಮೂರು ವರ್ಷದ ಪಟ್ಟಿ ಇಲ್ಲದ್ದರಿಂದ 1942ರ ಶರತ್ಕಾಲಕ್ಕಿಂತ ಮೊದಲು ಸೇರಿದವನಲ್ಲ. ಅಂದರೆ ಸೇನೆಗೆ ಸೇರಿದ್ದು ಹೆಚ್ಚುಕಡಿಮೆ 1942ರ ಅಕ್ಟೋಬರ್‌ನಿಂದ 1943ರ ಸೆಪ್ಟೆಂಬರ್ ಒಳಗೆ. ಇದು ಗಟ್ಟಿ ಸಾಕ್ಷ್ಯವಲ್ಲ. ಮನೆಗೆ ಓಡುವ ಆತುರದಲ್ಲಿ ಸೇವಾಪಟ್ಟಿ ಹೊಲಿಸಿಕೊಳ್ಳದವರೂ ಇದ್ದರು. ಆದರೂ ಹೆಸರುಗಳ ರಾಶಿ ಕೈಗೆ ಬಂದಾಗ ಮೊದಲ ಜರಡಿ ಇದೇ.

ಆ ರಾಶಿ ಸಿಗುವುದು ಅಮೆರಿಕದ ರಾಷ್ಟ್ರೀಯ ದಾಖಲಾಲಯದ 'ಎಎಡಿ' ಎಂಬ ಉಚಿತ ಆನ್‌ಲೈನ್ ಭಂಡಾರದಲ್ಲಿ. ಅದರಲ್ಲಿ ಎರಡನೇ ಮಹಾಯುದ್ಧದ ಸೇನಾ ಸೇರ್ಪಡೆಯ ಕಡತ ತೆರೆಯಿರಿ. ಸುಮಾರು 90 ಲಕ್ಷ ಜನರ ದಾಖಲೆಗಳಿವೆ: ಕ್ರಮಸಂಖ್ಯೆ, ಹೆಸರು, ವಾಸದ ರಾಜ್ಯ ಮತ್ತು ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಸೇರಿದ ಸ್ಥಳ ಮತ್ತು ದಿನ, ಹುಟ್ಟಿದ ವರ್ಷ, ಓದು, ಕಸುಬು. ಕ್ರಮಸಂಖ್ಯೆಯ ಕಾಲಂನಲ್ಲಿ ಕೊನೆಯ ನಾಲ್ಕು ಅಂಕಿ ಕೊಟ್ಟು, ಹೆಸರು 'ಕೆ'ಯಿಂದ ಶುರುವಾಗುವವರನ್ನು ಹುಡುಕಿ. ಎಷ್ಟು ಹೆಸರು ಬರಬಹುದು ಎಂದು ಮೊದಲೇ ಅಂದಾಜು ಮಾಡಿಕೊಳ್ಳುವುದು ಒಳ್ಳೆಯದು. ನಾಲ್ಕು ಅಂಕಿಗಳಲ್ಲಿ 10,000 ಸಾಧ್ಯತೆಗಳಿವೆ, ಹಾಗಾಗಿ ಒಂದೊಂದಕ್ಕೆ ಸುಮಾರು 900 ಜನ. ಅಲ್ಲಿನ ಮನೆತನದ ಹೆಸರುಗಳಲ್ಲಿ 'ಕೆ' ನೂರಕ್ಕೆ ನಾಲ್ಕರ ಆಸುಪಾಸು, ಅಂದರೆ 30-40 ಜನ. ನಿಮ್ಮ ಮೂರನೆಯ ಅಂಕಿ ಅನುಮಾನದಲ್ಲಿರುವುದರಿಂದ ಎರಡೂ ಸಂಖ್ಯೆ ಹುಡುಕಬೇಕು. 70ರ ಹತ್ತಿರ ಬಂದರೆ ಗಾಬರಿ ಬೇಡ. ಸೇರಿದ ದಿನಾಂಕದ ಜರಡಿ ಹಿಡಿದರೆ ಅದು ಮೂರನೇ ಒಂದು ಭಾಗಕ್ಕೆ ಇಳಿಯಬಹುದು.

ನಂತರ ಕ್ರಮಸಂಖ್ಯೆಯ ಮೊದಲ ಎರಡು ಅಂಕಿ ನೋಡಿ. ಮೊದಲನೆಯದು 1 ಆದರೆ ತಾನಾಗಿ ಸೇರಿದವನು, 2 ಆದರೆ ರಾಜ್ಯಗಳ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನಿಂದ ಬಂದವನು, 3 ಅಥವಾ 4 ಆದರೆ ಕಡ್ಡಾಯ ಭರ್ತಿ. ಎರಡನೆಯದು ಸರ್ವಿಸ್ ಕಮಾಂಡ್, ಎಂದರೆ ಭರ್ತಿಯಾದ ಪ್ರದೇಶ. 1 ನ್ಯೂ ಇಂಗ್ಲೆಂಡ್ ಕಡೆಯದು, 2 ನ್ಯೂಯಾರ್ಕ್-ನ್ಯೂಜೆರ್ಸಿ, 9 ಪಶ್ಚಿಮ ಕರಾವಳಿ. ಓಹಾಯೊ, ಇಂಡಿಯಾನಾ, ಕೆಂಟಕಿ, ವೆಸ್ಟ್ ವರ್ಜೀನಿಯಾ ಸೇರಿ 5. ಅದರ ಕೇಂದ್ರ ಕಚೇರಿ ಇದ್ದದ್ದೇ ನಿಮ್ಮ ಕೊಲಂಬಸ್‌ನ ಫೋರ್ಟ್ ಹೇಯ್ಸ್‌ನಲ್ಲಿ. ಹಾಗಾಗಿ 35ರಿಂದ ಶುರುವಾಗುವ ಸಂಖ್ಯೆಗಳನ್ನು ಪಟ್ಟಿಯ ಮೇಲಕ್ಕೆ ತನ್ನಿ, ಉಳಿದವನ್ನು ಅಳಿಸಬೇಡಿ. ಎಂಬತ್ತು ವರ್ಷದಲ್ಲಿ ಮನುಷ್ಯರು ಊರು ಬಿಡುತ್ತಾರೆ, ಬಟ್ಟೆಗಳು ಅವರಿಗಿಂತ ಹೆಚ್ಚು ತಿರುಗುತ್ತವೆ.

ಈ ಕಡತದ ಕುಂದುಗಳೂ ಗೊತ್ತಿರಲಿ. ರಂಧ್ರ ಹೊಡೆದ ಕಾರ್ಡ್‌ಗಳನ್ನು ಮೈಕ್ರೋಫಿಲ್ಮ್ ಮಾಡಿ, ಆ ಫಿಲ್ಮ್‌ನಿಂದ ಯಂತ್ರ ಓದಿ ತೆಗೆದದ್ದು ಇದು. ಕೆಲವು ರೋಲ್‌ಗಳನ್ನು ಓದಲಾಗಲೇ ಇಲ್ಲ, ಓದಿದವುಗಳಲ್ಲೂ ಅಕ್ಷರ ತಪ್ಪಿವೆ. ಎತ್ತರ ಮತ್ತು ತೂಕದ ಕಾಲಂ ನಂಬಬೇಡಿ. ನೇರವಾಗಿ ಅಧಿಕಾರಿಗಳಾದವರು, ನೌಕಾಪಡೆ ಮತ್ತು ಮರೀನ್ ದಳದವರು ಇದರಲ್ಲಿ ಇಲ್ಲ. ಅಧಿಕಾರಿಗಳ ಬಟ್ಟೆಯಾದರೆ ದಾರಿಯೇ ಬೇರೆ. ಅವರು ದುಡ್ಡು ಕೊಟ್ಟು ಹೊಲಿಸಿಕೊಳ್ಳುತ್ತಿದ್ದರು, ಒಳಜೇಬಿನ ದರ್ಜಿಯ ಲೇಬಲ್ ಮೇಲೆ ಪೂರ್ತಿ ಹೆಸರೇ ಬರೆದಿರುವುದುಂಟು.

ಕೈಯಲ್ಲಿ ಹತ್ತು-ಹದಿನೈದು ಹೆಸರು ಉಳಿದಾಗ ಕಡ್ಡಾಯ ಭರ್ತಿಯ ನೋಂದಣಿ ಕಾರ್ಡ್‌ಗಳನ್ನು ತೆಗೆಯಿರಿ. ವಂಶಾವಳಿ ಹುಡುಕುವ ಜಾಲತಾಣಗಳಲ್ಲಿ ಇವು ಸಿಗುತ್ತವೆ: ಫ್ಯಾಮಿಲಿಸರ್ಚ್‌ನಲ್ಲಿ ಉಚಿತ, ಆನ್ಸೆಸ್ಟ್ರಿಗೆ ದುಡ್ಡು ಬೇಕು, ಆದರೆ ಅನೇಕ ಸಾರ್ವಜನಿಕ ಗ್ರಂಥಾಲಯಗಳ ಒಳಗೆ ಕೂತು ಉಚಿತವಾಗಿ ನೋಡಬಹುದು. ಕಾರ್ಡಿನ ಮುಂಬದಿಯಲ್ಲಿ ವಿಳಾಸ, ಹತ್ತಿರದವರ ಹೆಸರು, ಕೆಲಸ ಕೊಟ್ಟವರ ಹೆಸರು, ಹಿಂಬದಿಯಲ್ಲಿ ಎತ್ತರ, ತೂಕ, ಕಣ್ಣು ಕೂದಲಿನ ಬಣ್ಣ. ಲೇಬಲ್‌ನ ಅಳತೆ ಕೆಲಸಕ್ಕೆ ಬರುವುದು ಇಲ್ಲಿ. '38 ಎಲ್' ಎಂದಿದ್ದರೆ ಎದೆ 38 ಇಂಚು, ಉದ್ದನೆಯ ಆಳು. ಐದು ಅಡಿ ನಾಲ್ಕು ಇಂಚಿನ, 190 ಪೌಂಡ್ ತೂಗುವವನು ಅದರೊಳಗೆ ಹೊಗಲಾರ. ಲೇಬಲ್ ಹೋಗಿದ್ದರೆ ಕಂಕುಳಿಂದ ಕಂಕುಳಿಗೆ ಮತ್ತು ತೋಳಿನ ಉದ್ದವನ್ನು ಟೇಪಿನಲ್ಲಿ ಅಳೆಯಿರಿ. ಯುದ್ಧಕ್ಕೆ ಹೋಗಿ ಬಂದವನ ತೂಕ ಬದಲಾಗಿರುತ್ತದೆ, ಎತ್ತರ ಬದಲಾಗುವುದಿಲ್ಲ; ಹಾಗಾಗಿ ಎದೆಗಿಂತ ತೋಳಿನ ಉದ್ದಕ್ಕೆ ಬೆಲೆ ಕೊಡಿ. 1940ರ ಮತ್ತು 1950ರ ಜನಗಣತಿಯ ಹಾಳೆಗಳೂ ಈಗ ಮುಕ್ತವಾಗಿವೆ. ಯುದ್ಧದ ನಂತರ ಯಾರು ಎಲ್ಲಿ ನೆಲೆಸಿದರು ಎಂಬುದಕ್ಕೆ 1950ರದು ಬಹಳ ಉಪಯುಕ್ತ.

ಕೊನೆಗೆ ಮೂರು-ನಾಲ್ಕು ಹೆಸರಾದಾಗ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬರೆಯಿರಿ. ಸೇನೆ ಬಿಟ್ಟು 62 ವರ್ಷ ದಾಟಿದವರ ಕಡತ ಯಾರು ಬೇಕಾದರೂ ಕೇಳಬಹುದು, ಸಂಬಂಧಿಕರೇ ಆಗಬೇಕಿಲ್ಲ. ಸ್ಟ್ಯಾಂಡರ್ಡ್ ಫಾರಂ 180 ತುಂಬಿ ಹೆಸರು ಮತ್ತು ಎಂಟೂ ಅಂಕಿಯ ಕ್ರಮಸಂಖ್ಯೆ ಕೊಡಿ. ಐದು ಪುಟದವರೆಗಿನ ಕಡತಕ್ಕೆ 25 ಡಾಲರ್, ಅದಕ್ಕಿಂತ ದೊಡ್ಡದಕ್ಕೆ 70 ಡಾಲರ್ ಎಂಬುದು ಅವರ ದರಪಟ್ಟಿ. ಕಳಿಸುವ ದಿನ ಒಮ್ಮೆ ನೋಡಿಕೊಳ್ಳಿ. ಇಲ್ಲಿಯೇ ಹೆಚ್ಚಿನವರು ಎದೆಗುಂದುವುದು. 1973ರ ಜುಲೈ 12ರಂದು ಆ ಕಟ್ಟಡಕ್ಕೆ ಬೆಂಕಿ ಬಿದ್ದು 160ರಿಂದ 180 ಲಕ್ಷ ಕಡತ ನಾಶವಾದವು. 1912ರ ನವೆಂಬರ್‌ನಿಂದ 1960ರ ಜನವರಿ ನಡುವೆ ಸೇನೆ ಬಿಟ್ಟವರ ಕಡತಗಳಲ್ಲಿ ನೂರಕ್ಕೆ 80 ಹೋದವು. 'ಕಡತ ಸುಟ್ಟಿದೆ' ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸಬೇಡಿ. ಕೊನೆಯ ಸಂಬಳದ ವೋಚರ್ ಬೇಕೆಂದು ಹೆಸರಿಟ್ಟು ಕೇಳಿ. ಅದು ಬೇರೆ ಕಡೆ ಉಳಿದ ದಾಖಲೆ, ಬಿಡುಗಡೆಯ ದಿನ, ಸ್ಥಳ ಮತ್ತು ಮನೆಯ ವಿಳಾಸ ಅದರಲ್ಲಿರುತ್ತದೆ. ಯಾವ ಘಟಕ ಎಂದು ಗೊತ್ತಾದರೆ ಆ ಘಟಕದ ದಿನನಿತ್ಯದ 'ಮಾರ್ನಿಂಗ್ ರಿಪೋರ್ಟ್'ಗಳಲ್ಲಿ ಬಂದವರು, ಹೋದವರು, ಆಸ್ಪತ್ರೆ ಸೇರಿದವರ ಹೆಸರು ಕ್ರಮಸಂಖ್ಯೆಯ ಸಮೇತ ಇರುತ್ತದೆ.

ಬೆಂಕಿಗೆ ಸಿಗದ ಇನ್ನೊಂದು ಪ್ರತಿ ನಿಮ್ಮ ಊರ ಕಚೇರಿಯಲ್ಲೇ ಇರಬಹುದು. ಮನೆಗೆ ಬಂದ ಸೈನಿಕರಲ್ಲಿ ಬಹಳ ಮಂದಿ ಬಿಡುಗಡೆ ಪತ್ರವನ್ನು ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ನೋಂದಾಯಿಸಿಟ್ಟರು. ಆ ಕಾಲದ ಪತ್ರದ ಹೆಸರು ಫಾರಂ 53-55. ಈಗ ಎಲ್ಲರ ಬಾಯಲ್ಲಿರುವ ಡಿಡಿ-214 ಬಂದದ್ದು 1950ರಲ್ಲಿ, ಅದನ್ನು ಕೇಳಿದರೆ ಗುಮಾಸ್ತರು ಇಲ್ಲ ಎಂದುಬಿಡಬಹುದು. ಯಾರಿಗೆ ತೋರಿಸಬಹುದು ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಫೋನಿನಲ್ಲಿ ಕೇಳಿಕೊಂಡು ಹೋಗಿ. ಈ ಒಂದು ಹಾಳೆ ಸಿಕ್ಕರೆ ಕೆಲಸ ಮುಗಿದಂತೆ: ಹುದ್ದೆ, ಘಟಕ, ಪದಕ, ಹಡಗು ಹತ್ತಿದ ಮತ್ತು ಮರಳಿದ ದಿನಾಂಕ, ಒಟ್ಟು ಹೊರದೇಶದ ಸೇವೆಯ ವರ್ಷ-ತಿಂಗಳು-ದಿನ. ನಿಮ್ಮವನಾದರೆ ಹುದ್ದೆ ಐದನೇ ದರ್ಜೆಯ ಟೆಕ್ನಿಷಿಯನ್, ಹೊರದೇಶದ ಸೇವೆ ಎರಡು ವರ್ಷ ಮತ್ತು ಎರಡೂವರೆ ವರ್ಷದ ನಡುವೆ, ಒಟ್ಟು ಸೇವೆ ಮೂರು ವರ್ಷದೊಳಗೆ, ಯುದ್ಧರಂಗ ಇಂಡಿಯಾ-ಬರ್ಮಾ ಅಥವಾ ಚೀನಾ ಆಗಿರಬೇಕು. 1944ರ ಅಕ್ಟೋಬರ್‌ನಲ್ಲಿ ಆ ಯುದ್ಧರಂಗವನ್ನು ಎರಡಾಗಿ ಒಡೆದರು, ಆದ್ದರಿಂದ ಹಳೆಯ ಹೆಸರೇ ಇರಬೇಕೆಂದಿಲ್ಲ. ಲಾಂಡ್ರಿ ಗುರುತು ಮತ್ತು ಈ ಪೈಕಿ ಕನಿಷ್ಠ ಎರಡು ಹೊಂದದ ಹೊರತು ಹೆಸರು ಹೇಳಬೇಡಿ. 'ಕೆ' ಮತ್ತು ನಾಲ್ಕು ಅಂಕಿ ಹೊಂದುವ ಒಬ್ಬ ಓಹಾಯೊದವನು ಸಿಕ್ಕ ಕೂಡಲೇ ಅವನೇ ಎಂದು ಸಂಭ್ರಮಿಸುವುದು ಈ ಹುಡುಕಾಟದ ಅತಿ ಸಾಮಾನ್ಯ ತಪ್ಪು. ನಾಲ್ಕು ಅಂಕಿ ಹೊಂದುವವರು ಹಲವರಿರುತ್ತಾರೆಂದು ಮೇಲಿನ ಲೆಕ್ಕವೇ ಹೇಳುತ್ತದೆ.

ಎದೆಯ ಮೇಲೆ ಪದಕವಿದ್ದಿದ್ದರೆ ಎಂದು ಕೊರಗಬೇಡಿ. ಅಮೆರಿಕದ ಯುದ್ಧರಂಗದ ಪದಕಗಳ ಮೇಲೆ ಹೆಸರು ಕೊರೆಯುತ್ತಿರಲಿಲ್ಲ. ಕರ್ನಾಟಕದಲ್ಲಿ ಅಜ್ಜನ ಪೆಟ್ಟಿಗೆ ತೆರೆದವರಿಗೆ ಈ ವಿಷಯದಲ್ಲಿ ಅನುಕೂಲವಿದೆ: ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟಿತು, ಭಾರತೀಯ ಸೇನೆಯವರಿಗೆ ಕೊಟ್ಟವುಗಳ ಮೇಲೆ ನಂಬರ್, ಹೆಸರು, ರೆಜಿಮೆಂಟ್ ಕೊರೆದಿರುತ್ತದೆ. ಭೂತಗನ್ನಡಿ ಹಿಡಿದು ಅಂಚು ಮತ್ತು ಹಿಂಬದಿ ನೋಡಿ.

ಇದೇ ವಿಧಾನವನ್ನು ವಿಯೆಟ್ನಾಂ ಕಾಲದ ಬಟ್ಟೆಗೆ ಬಳಸುವವರಿಗೆ ಒಂದು ಎಚ್ಚರಿಕೆ. 1969ರ ಜುಲೈ 1ರಿಂದ ಸೇನೆ ಕ್ರಮಸಂಖ್ಯೆ ಬಿಟ್ಟು, ಅಲ್ಲಿ ಒಬ್ಬೊಬ್ಬರ ಖಾಸಗಿ ಗುರುತಿನ ಸಂಖ್ಯೆಯಾದ ಸೋಷಿಯಲ್ ಸೆಕ್ಯುರಿಟಿ ನಂಬರನ್ನೇ ಬಳಸಿತು. ಆ ಮುದ್ರೆಯ ಫೋಟೋವನ್ನು ಜಾಲತಾಣದಲ್ಲಿ ಹಾಕಬಾರದು, ಆ ಮನುಷ್ಯ ಇನ್ನೂ ಬದುಕಿರಬಹುದು.

ಹೆಸರು ಖಚಿತವಾದ ಮೇಲೆ ಮನೆಯವರನ್ನು ಹುಡುಕಲು ಸ್ಥಳೀಯ ಪತ್ರಿಕೆಯ ನಿಧನವಾರ್ತೆ ಎಲ್ಲಕ್ಕಿಂತ ಉತ್ತಮ. ಮಕ್ಕಳು, ಮೊಮ್ಮಕ್ಕಳ ಹೆಸರು ಊರಿನ ಸಮೇತ ಅದರಲ್ಲಿರುತ್ತದೆ. ಫೋನ್ ಮಾಡಬೇಡಿ, ಸತ್ತವರ ಹೆಸರು ಹೇಳಿಕೊಂಡು ಬರುವ ಅಪರಿಚಿತ ಕರೆ ಎಂದರೆ ಮೋಸದ ಕರೆ ಎಂದೇ ಎಲ್ಲರೂ ತಿಳಿಯುತ್ತಾರೆ. ಒಂದು ಪುಟದ ಕಾಗದ ಬರೆಯಿರಿ: ಜಾಕೆಟ್ ಎಲ್ಲಿ ಸಿಕ್ಕಿತು, ಯಾವ ಆಧಾರದ ಮೇಲೆ ಅವರ ತಂದೆ ಅಥವಾ ಅಜ್ಜನದ್ದು ಎಂದುಕೊಂಡಿರಿ, ದುಡ್ಡು ಬೇಕಿಲ್ಲ ಎಂಬುದು ಸ್ಪಷ್ಟವಾಗಿರಲಿ. ಮುದ್ರೆಯ ಮತ್ತು ಇಡೀ ಜಾಕೆಟ್‌ನ ಫೋಟೋ ಜೊತೆಗಿರಲಿ, ಜಾಕೆಟ್ ಮಾತ್ರ ಕೇಳದೆ ಕಳಿಸಬೇಡಿ. ಅವರೇ ತಿಳಿದು ಮಾರಿದ್ದೂ ಇರಬಹುದು, ಅದನ್ನು ನೋಡಲು ಇಷ್ಟವಿಲ್ಲದವರೂ ಇರಬಹುದು. ಉತ್ತರ ಬಾರದಿದ್ದರೆ ಇನ್ನೊಂದು ಕಾಗದ ಸಾಕು, ಮೂರನೆಯದು ಬೇಡ. ಆಗ ಆತನ ಕೌಂಟಿಯ ಇತಿಹಾಸ ಸಂಘವನ್ನು ಕೇಳಿ ನೋಡಿ. ಬರಿ ಜಾಕೆಟ್ ಬೇಡವೆನ್ನುವ ಇಂಥ ಸಂಘಗಳು, ತಮ್ಮೂರಿನವನದ್ದು ಎಂದು ದಾಖಲೆ ಸಮೇತ ತೋರಿಸಿದರೆ ಒಪ್ಪುವ ಸಾಧ್ಯತೆ ಹೆಚ್ಚು. ನೀವೇ ಇಟ್ಟುಕೊಳ್ಳುವುದಾದರೆ ತಂತಿಯ ಹ್ಯಾಂಗರ್‌ಗೆ ನೇತುಹಾಕದೆ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಮಲಗಿಸಿಡಿ. ಹೆಸರು, ಕ್ರಮಸಂಖ್ಯೆ, ಹೊಂದಿಕೆಯಾದ ಆಧಾರಗಳನ್ನು ಅಂಥದೇ ಕಾಗದದಲ್ಲಿ ಪೆನ್ಸಿಲ್‌ನಿಂದ ಬರೆದು ಒಳಜೇಬಿಗೆ ಹಾಕಿ. ಪಿನ್ನು ಮಾತ್ರ ಚುಚ್ಚಬೇಡಿ, ತುಕ್ಕು ಉಣ್ಣೆಗೆ ಇಳಿದರೆ ಹೋಗುವುದಿಲ್ಲ.